ಸರಸ್ವತಿಯ ಪಟ ಹೊತ್ತ ನಡಾವಳಿ

ನಾನು ವಿಧಾನಸಭೆಯ ನಡಾವಳಿಯ ಒಂದು ಸಂಪುಟ. ಸದನದಲ್ಲಿ ಯಾರು ಏನು ಕೇಳಿದರು, ಯಾವ ಮಂತ್ರಿ ಏನು ಮಾತು ಕೊಟ್ಟರು, ಎಲ್ಲವೂ ನನ್ನ ಹೊಟ್ಟೆಯಲ್ಲಿದೆ. ಸರ್ಕಾರಿ ಮುದ್ರಣಾಲಯದಲ್ಲಿ ಹುಟ್ಟಿ, ಮೈಗೆಲ್ಲ ಹುರಿ ಸುತ್ತಿಸಿಕೊಂಡು, ಈ ನೇಕಾರರ ಊರಿನ ಗ್ರಂಥಾಲಯಕ್ಕೆ ಬಂದೆ. ಜನ ಮುಗಿಬಿದ್ದು ಓದುತ್ತಾರೆಂದು ಬೀಗಿದ್ದೆ. ಒಂದು ನರಪಿಳ್ಳೆಯೂ ಮುಟ್ಟಲಿಲ್ಲ.

ಆದರೂ ನನಗೊಂದು ಮರ್ಯಾದೆ ಇತ್ತು. ಎಲ್ಲರಿಗಿಂತ ದಪ್ಪಗಿದ್ದೆನಲ್ಲ, ಪ್ರತಿ ದಸರೆಗೂ ಗ್ರಂಥಪಾಲಕ ವಿರೂಪಣ್ಣ ಸರಸ್ವತಿಯ ಪಟವನ್ನು ನನ್ನ ಮೇಲೆಯೇ ಇಡುತ್ತಿದ್ದರು. ಒಂದು ವರ್ಷ ಪಂಚಾಮೃತದ ಬಟ್ಟಲು ಉರುಳಿತು. ಜೇನು, ಬಾಳೆಹಣ್ಣು ಅಂಚಿನಿಂದ ಒಳಗಿಳಿದು ಎರಡು ಹಾಳೆಗಳು ಅಂಟಿಕೊಂಡವು. ವಿರೂಪಣ್ಣ ನನ್ನ ಹೊರಮೈ ಒರೆಸಿ, ಕೈಮುಗಿದರು; ಒಳಗೆ ತೆರೆದು ನೋಡಲಿಲ್ಲ.

ಮುಂದೆ ಮುದ್ರಿಸಿ ಊರೂರಿಗೆ ಕಳಿಸುವುದು ನಿಂತು, ನಡಾವಳಿಗಳನ್ನೆಲ್ಲ ಅಂತರ್ಜಾಲಕ್ಕೆ ಹಾಕುವ ಕಾಲ ಬಂತು. ಬೇರೆ ಪ್ರತಿ ಸಿಗದೆ ನನ್ನನ್ನೇ ಒಯ್ದರು. ಸ್ಕ್ಯಾನ್ ಮಾಡುವವರು ಅಂಟಿದ ಹಾಳೆಗಳನ್ನು ಒಂದೇ ಎಂದುಕೊಂಡು ಮಗುಚಿ, ಕೆಲಸ ಮುಗಿದ ಮೇಲೆ ನನ್ನನ್ನು ಗ್ರಂಥಾಲಯಕ್ಕೆ ಮರಳಿಸಿದರು. ಈಗ ಲೋಕವೆಲ್ಲ ನನ್ನನ್ನು ಓದಬಹುದಿತ್ತು, ನಡುವಿನ ಎರಡು ಪುಟಗಳನ್ನು ಬಿಟ್ಟು.

ಅಷ್ಟರಲ್ಲಿ ಸರ್ಕಾರ ಹಿಂದೆ ಕಟ್ಟಿಸಿಕೊಟ್ಟಿದ್ದ ನೇಕಾರರ ಕಾಲೊನಿಗೆ ಮನೆ ಖಾಲಿ ಮಾಡಿರೆಂದು ನೋಟಿಸು ಬಂತು. ಆ ಮನೆಗಳು ನೇಕಾರರವೇ ಎಂದು ಮಂತ್ರಿ ಸದನದಲ್ಲಿ ಹೇಳಿದ್ದನ್ನು ಅಲ್ಲಿಯ ಸಂಗವ್ವ ತನ್ನ ಅಪ್ಪನ ಬಾಯಲ್ಲಿ ಕೇಳಿದ್ದಳು. ಮೊಬೈಲಿನಲ್ಲಿ ಹುಡುಕಿದಳು. ಪರಿವಿಡಿಯಲ್ಲಿ ಕಾಲೊನಿಯ ಹೆಸರಿತ್ತು, ಪುಟ ಇರಲಿಲ್ಲ. ಕಂಪ್ಯೂಟರಿನಲ್ಲಿ ಇಲ್ಲದ್ದನ್ನು ಒಪ್ಪಲಾಗದು ಎಂದು ನೋಟಿಸು ಕೊಟ್ಟ ಕಚೇರಿಯ ಸಾಹೇಬರು ಅವಳನ್ನು ವಾಪಸು ಕಳಿಸಿಬಿಟ್ಟರು. ಹಾಗಾದರೆ ಪುಸ್ತಕವನ್ನೇ ನೋಡುತ್ತೇನೆಂದು ಅವಳು ಗ್ರಂಥಾಲಯಕ್ಕೆ ಬಂದಳು.

ಅಂಟಿದ ಹಾಳೆಗಳನ್ನು ಕಂಡು ವಿರೂಪಣ್ಣನ ಮುಖ ಸಣ್ಣಗಾಯಿತು. ಒದ್ದೆ ಬಟ್ಟೆ ತಂದರು, ಆದರೆ ಹರಿದೀತೆಂದು ಹಿಂಜರಿದರು. ಸಂಗವ್ವ ಬಟ್ಟೆ ಇಸಿದುಕೊಂಡು, ಗಂಜಿ ಹಿಡಿದ ನೂಲು ಬಿಡಿಸುವ ಹಾಗೆ ಮೆಲ್ಲಗೆ ಬಿಡಿಸಿದಳು. ಮಂತ್ರಿಯ ಮಾತು ಒಳಗೆ ಹಾಗೇ ಇತ್ತು. ಅವಳು ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಟ್ಟಿದ್ದಕ್ಕೂ ಸಾರ್ಥಕವಾಯಿತು ಎನಿಸಿತು ನನಗೆ.

ಪುಟಗಳು ಅಂತರ್ಜಾಲಕ್ಕೂ ಸೇರಿದವು, ಮನೆಗಳು ಉಳಿದವು. ಈಗ ಎಲ್ಲವೂ ಫೋನಿನಲ್ಲೇ ಸಿಗುವುದರಿಂದ ನನ್ನ ಬಳಿ ಯಾರೂ ಬರುವುದಿಲ್ಲ. ಬೇಸರವೇನಿಲ್ಲ. ಆ ವರ್ಷದ ದಸರೆಗೆ ವಿರೂಪಣ್ಣ ರೂಢಿಯಂತೆ ನನ್ನನ್ನು ಎತ್ತಿಕೊಂಡಾಗ, ಹೂವು ತಂದಿದ್ದ ಸಂಗವ್ವ ತಡೆದಳು.

“ಇದನ್ನ ಕಪಾಟಿನಾಗ ಇಡ್ರಿ ಅಣ್ಣಾರ. ಪಟದ ಕೆಳಗ ಎರಡು ಇಟ್ಟಿಗಿ ಇಟ್ರ ಸಾಕು.”

ವಿರೂಪಣ್ಣ ನನ್ನನ್ನು ಕಪಾಟಿನಲ್ಲಿಟ್ಟು, ಇಟ್ಟಿಗೆ ತರಲು ಹಿತ್ತಲಿಗೆ ಹೋದರು.