ದೇವಿರಮ್ಮ ಪಾಸು ಮಾಡಿದ ಇಂಗ್ಲಿಷು

ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ? ನಾಗಶ್ರೀ ಜರ್ಮನ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಲ್ಲಿಂದಲೇ? ಬೇಡ, ಮುನಿಸಿಕೊಳ್ಳುತ್ತಾಳೆ. (ಮುನಿಸಿಕೊಂಡಾಯಿತು. "ಅದ್ನೇ ಮೊದ್ಲು ಯೋಳ್ಬೇಕಿತ್ತಾ ಸಾ?")

೧. ಗೆಜ್ಜಲಗೆರೆಯ ಬಿಸ್ಕತ್ತು ಫ್ಯಾಕ್ಟರಿ. ಜರ್ಮನಿಯಿಂದ ಬರುವ ವೇಫರ್ ಪೊಟ್ಟಣಕ್ಕೆ ಇಲ್ಲಿ ಇಂಗ್ಲಿಷ್ ಲೇಬಲ್ ಹಚ್ಚಬೇಕು. ಮ್ಯಾನೇಜರ್ ಯತೀಶ್ ಡಿಕ್ಷನರಿ ಹಿಡಿದು ಪದಕ್ಕೆ ಪದ ಕೂರಿಸಿದ: 'ಪ್ರೊಟೆಕ್ಟ್ ಬಿಫೋರ್ ವಾರ್ಮ್ತ್.' ಶಾಖಕ್ಕೆ ಮುಂಚೆ ರಕ್ಷಿಸಿ! ಪ್ಯಾಕಿಂಗ್ ಲೈನಿನ ನಾಗಶ್ರೀ ನಕ್ಕುಬಿಟ್ಟಳು. ಕಾಂಟ್ರಾಕ್ಟ್ ಹುಡುಗಿ ನಗಬಾರದಿತ್ತು.

"ಅಂಗಾದ್ರೆ ನೀನೇ ಬರಿ," ಎಂದ ಯತೀಶ್. "ಜರ್ಮನ್ನೋರು ಒಪ್ಪುದ್ರೆ ಲೇಬಲ್ ಡೆಸ್ಕ್ ನಿಂದು, ಪರ್ಮನೆಂಟು. ಇಲ್ದಿದ್ರೆ ನಾಳಿಂದ ಬರ್ಬ್ಯಾಡ."

೨. (ಇದನ್ನು ಒಮ್ಮೆ ದುರಂತವಾಗಿ ಬರೆದು ಹರಿದುಹಾಕಿದ್ದೇನೆ. ಕತೆಯಲ್ಲಿ ಅಳು ತುಂಬಿದರೆ ವಿಮರ್ಶಕರು ಮೆಚ್ಚುತ್ತಾರೆಂಬ ದುರಾಸೆ.)

೩. ನಾಗಶ್ರೀಯದು ಒಂದು ಪದ್ಧತಿ. ಜರ್ಮನ್ ಸಾಲಿನ ಅರ್ಥವನ್ನು ಪಕ್ಕದಲ್ಲಿ ಪ್ಯಾಕ್ ಮಾಡುವ ಹಲಗೂರಿನ ದೇವಿರಮ್ಮನಿಗೆ ಹೇಳುವುದು. ಆಕೆ ತನ್ನ ಬಾಯಲ್ಲಿ ತಿರುಗಿಸಿ ಹೇಳಿದ್ದನ್ನು ಇಂಗ್ಲಿಷಿಗೆ ಇಳಿಸುವುದು. ಕೇಳುತ್ತ ಕೇಳುತ್ತ ದೇವಿರಮ್ಮನ ಕೈ ನಿಂತರೆ ಆ ಸಾಲು ಫೇಲು.

"ಅಕ್ಕಾ, ಶಾಖದಿಂದ ರಕ್ಷಿಸಿ ಅಂತದೆ."

ಕೈ ನಿಂತಿತು. "ಯಾರ್ನ?"

"ಬಿಸ್ಕತ್ನ."

"ಅಯ್ಯೋ, ತಣ್ಗಿರೋ ಕಡೆ ಮಡುಗು ಅನ್ನಮ್ಮಿ!"

ಸ್ಟೋರ್ ಇನ್ ಎ ಕೂಲ್ ಪ್ಲೇಸ್.

"ತೆರೆದ ಬಳಿಕ ಶೀಘ್ರವಾಗಿ ಸೇವಿಸತಕ್ಕದ್ದು."

"ಬಿಚ್ಚುದ್ಮೇಲೆ ಬಿರ್ನೆ ತಿಂದ್ಬುಡು."

ಈಟ್ ಸೂನ್ ಆಫ್ಟರ್ ಓಪನಿಂಗ್. ಹದಿನಾಲ್ಕು ಸಾಲು, ಒಂದೇ ಶಿಫ್ಟು! ಮಂಡ್ಯದ ಮಾತು ಒರಟು ಎನ್ನುವವರು ಆ ಪೊಟ್ಟಣ ಓದಿ ನೋಡಲಿ.

೪. ವಿಡಿಯೋ ಕಾಲ್. ಜರ್ಮನ್ ಹೆಂಗಸು ಎಲ್ಲೂ ಎಡವದೆ ಹದಿನಾಲ್ಕೂ ಓದಿದಳು. ಅನುವಾದ ಅನ್ನಿಸುವುದೇ ಇಲ್ಲವಲ್ಲ, ಯಾರು ಬರೆದದ್ದು ಎಂದು ಕೇಳಿದಳು. ಯತೀಶ್ ಬಾಯಿ ತೆರೆದ.

(ಇಲ್ಲಿ ಎರಡು ಮುಕ್ತಾಯ ಇಟ್ಟಿದ್ದೆ. ಮೊದಲನೆಯದು: ಯತೀಶ್ "ನಾನು" ಅನ್ನುತ್ತಾನೆ.)

"ಒಡ್ದಾಕಿ ಸಾ ಅದ್ನ!"

ನನ್ನ ಪೆನ್ನು ತಳ್ಳಿ, ಯತೀಶನನ್ನೂ ಸರಿಸಿ, ನಾಗಶ್ರೀ ಕ್ಯಾಮೆರಾದೆದುರು ನಿಂತು ಜರ್ಮನ್ನಿನಲ್ಲೇ ಹೇಳಿದಳು: ಬರೆದವಳು ನಾನು, ಪಾಸು ಮಾಡಿದವರು ದೇವಿರಮ್ಮ. ಆ ಹೆಂಗಸು ಎದ್ದು ಚಪ್ಪಾಳೆ ತಟ್ಟಿದಳು. ನನಗೂ ಸಂತೋಷ ತಡೆಯಲಾಗಲಿಲ್ಲ, ಸುಳ್ಳೇಕೆ ಹೇಳಲಿ.

೫. ಲೇಬಲ್ ಡೆಸ್ಕ್ ಸಿಕ್ಕಿತು. ಇಲ್ಲಿಗೆ ಮುಗಿಸೋಣವೆಂದು ಕೂತೆ. ನಾಗಶ್ರೀ ಒಪ್ಪಲಿಲ್ಲ.

"ಅಕ್ಕುಂಗೂ ನನ್ ಪಕ್ದಲ್ಲಿ ಒಂದ್ ಕುರ್ಚಿ ಆಕ್ಸೋಗಂಟ ಕತೆ ಮುಗುಸ್ಬ್ಯಾಡಿ ಸಾ."

ಕುರ್ಚಿ ಇಲ್ಲ ಅನ್ನುತ್ತಿದ್ದಾನೆ ಯತೀಶ್. ದೇವಿರಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಬರೆಯುವುದನ್ನು ಬಿಟ್ಟು, ನಾನು ನನ್ನ ಕುರ್ಚಿಯಿಂದ ಏಳುತ್ತಿದ್ದೇನೆ.