ಗುಂಡುಸೂಜಿ ಮಾವನ ಕಾಲರ್ ಪಫ್

ನನ್ನ ದೊಡ್ಡ ಸೋದರಮಾವ ತುಟಿ ತೆರೆಯದೆ ಮಾತನಾಡುತ್ತಿದ್ದರು. ನಲವತ್ತು ವರ್ಷ ದರ್ಜಿಯಾಗಿದ್ದು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಹೆಗಲಿನ ಅಳತೆಗೂ ಸೊಂಟದ ಸುತ್ತಳತೆಗೂ ಅವರ ಮನೆಯ ಕಷ್ಟಸುಖಕ್ಕೂ ಮೂಗಿನಿಂದ ಉತ್ತರ ಕೊಟ್ಟು ಕೊಟ್ಟು, ಕಡೆಕಡೆಗೆ ಸೂಜಿಯಿಲ್ಲದಾಗಲೂ ಅವರ ಬಾಯಿ ಸೂಜಿಯಿದ್ದಂತೆಯೇ ಮುಚ್ಚಿರುತ್ತಿತ್ತು. ಬೀದಿಯ ಮಕ್ಕಳೆಲ್ಲ ಅವರನ್ನು ‘ಗುಂಡುಸೂಜಿ ಮಾವ’ ಎಂದು ಎದುರಿಗೇ ಕರೆಯುತ್ತಿದ್ದೆವು, ಅವರಿಗೆ ಬೇಸರವಿರಲಿಲ್ಲ. ‘ಹ್ಞೂಂ’ ಎಂಬ ಒಂದೇ ಅನುನಾಸಿಕದಲ್ಲಿ ಸಮ್ಮತಿ, ಸಂದೇಹ, ಅಸಮಾಧಾನ, ಹಸಿವು ಈ ನಾಲ್ಕನ್ನೂ ಬೇರೆ ಬೇರೆಯಾಗಿ ಹೇಳಬಲ್ಲ ಆ ಮಹಾನುಭಾವರಿಗೆ ಮಾತೆಂಬುದು ಅನವಶ್ಯಕ ದುಂದುವೆಚ್ಚವಾಗಿ ಕಂಡಿದ್ದರೆ ಆಶ್ಚರ್ಯವೇನು? ತೀರಾ ಮಾತು ಬೇಕೇ ಬೇಕೆಂದಾಗ ಅವರಲ್ಲಿ ಎರಡು ಪದ ಸಿದ್ಧವಿದ್ದವು: “ನಾಳೆ ನೋಡೋಣ.” ದರ್ಜಿಗಳ ನಾಳೆ ಎಂಥದೆಂದು ಬಟ್ಟೆ ಹೊಲಿಯಲು ಕೊಟ್ಟ ಪ್ರತಿಯೊಬ್ಬರೂ ಬಲ್ಲರು. ಮಾವನ ನಾಳೆ ಎಷ್ಟು ಉದ್ದವಾಗಬಲ್ಲದು ಎಂಬುದನ್ನು ಮಾತ್ರ ನಾವು ತಡವಾಗಿ ತಿಳಿದೆವು.

ಎಡಕ್ಕೆ ಕೊಂಚ ವಾಲಿದ ನಡಿಗೆ. ಎಲ್ಲಿ ಕುಳಿತರೂ, ಊಟದ ಮೇಜಿನ ಕೆಳಗೂ, ಬಲಪಾದ ತನ್ನಷ್ಟಕ್ಕೆ ತಾನೇ ಹೊಲಿಗೆಯಂತ್ರ ತುಳಿಯುತ್ತಿತ್ತು. ಊರವರಿಗೆಲ್ಲ ಮಡಿಕೆ ಮುರಿಯದ ಕೋಟು ಹೊಲಿದುಕೊಡುವವರ ಸ್ವಂತ ಕೋಟಿಗೆ ಮೂರು ಗುಂಡಿ, ಮೂರೂ ಮೂರು ಬಗೆಯವು. “ಅಂಗಡಿ ತುಂಬಾ ಗುಂಡಿ ಇಟ್ಕೊಂಡು ಹೀಗೆ ತಿರುಗ್ತೀರಲ್ಲ, ನನ್ನ ಮಾನ ತೆಗೆಯೋಕೇ ಹುಟ್ಟಿದೀರಾ?” ಎಂದು ಅತ್ತೆ ದಿನಕ್ಕೊಮ್ಮೆ ಬಯ್ಯುತ್ತಿದ್ದರು. ಮಾವ “ಹ್ಞೂಂ” ಎನ್ನುತ್ತಿದ್ದರು.

ಇಂಥ ಮಾವ ವರ್ಷಕ್ಕೊಂದು ದಿನ ಮಾತ್ರ ನಾಳೆ ಎನ್ನುತ್ತಿರಲಿಲ್ಲ. ಕ್ರಿಸ್‌ಮಸ್ಸಿನ ದಿನ ಸಂಜೆ ನಮ್ಮ ಬಳಗವೆಲ್ಲ ಅವರ ಮನೆಯಲ್ಲಿ ಸೇರುವುದು ರೂಢಿ. ಆ ಸಂಜೆಗೆ ಬೇಕಾದ ಖಾರದ ಪಫ್‌ಗಳನ್ನು ಅವರೇ ಸ್ವಹಸ್ತದಿಂದ ಮಾಡಬೇಕು. ಹಿಂದಿನ ದಿನವೇ ಬಟ್ಟೆ ಕತ್ತರಿಸುವ ಉದ್ದನೆಯ ಮೇಜನ್ನು ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದು, ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ಲಟ್ಟಿಸಿ, ಮೇಲೆ ಬೆಣ್ಣೆ ಹರಡಿ, ಮೂರು ಮಡಿಕೆ ಮಡಚಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮಲಗಿಸಿ, ಮತ್ತೆ ತೆಗೆದು ಲಟ್ಟಿಸಿ, ಮತ್ತೆ ಮಡಚಿ, ಹೀಗೆ ಆರು ಸಲ. ಹಿಟ್ಟಿಗೂ ಬಟ್ಟೆಯಂತೆ ಎಳೆಯ ದಿಕ್ಕಿರುತ್ತದೆ, ಅಡ್ಡ ಎಳೆದರೆ ಒಲೆಯಲ್ಲಿ ಕುಗ್ಗುತ್ತದೆ ಎಂಬುದು ಅವರ ಸಿದ್ಧಾಂತ. ಕೊನೆಗೆ ಕೊರಳಿನ ಅಳತೆಪಟ್ಟಿ ತೆಗೆದು ನಾಲ್ಕು ನಾಲ್ಕು ಇಂಚಿನ ಚೌಕಗಳನ್ನು ಕತ್ತರಿಸುತ್ತಿದ್ದರು. “ನನ್ನದೊಂದು ಬಟ್ಟೆ ಹೊಲಿಯೋಕೆ ಮೂರು ತಿಂಗಳು ಬೇಕು, ಪಫ್ ಅಂದ್ರೆ ಮಾತ್ರ ನೋಡಿ, ಕೈಗೆ ಕಾಲು ಬರುತ್ತೆ!” ಎಂದು ಅತ್ತೆ ಕೈಮಾ ಹುರಿಯುತ್ತಾ ನಗುತ್ತಿದ್ದರು.

ಅಂಗಡಿಯಲ್ಲಿ ಯಾರ ಬಟ್ಟೆ ಯಾರದೆಂದು ತಿಳಿಯಲು ಮಾವ ಒಳಬದಿಯಲ್ಲಿ ಒಂದೊಂದು ದಾರದ ಗುರುತು ಹಾಕುತ್ತಿದ್ದರು. ಪಫ್‌ಗೂ ಅದೇ ಪದ್ಧತಿ. ಖಾರ ಒಗ್ಗದ ಅತ್ತೆಯ ಪಫ್ಫಿನ ಅಂಚಿಗೆ ಸಣ್ಣ ನೆರಿಗೆ. ಮಾಂಸ ತಿನ್ನದ ನನ್ನಮ್ಮನದಕ್ಕೆ ಕತ್ತರಿಯಂತೆ ಎರಡು ಗೀರು. ಮೊಟ್ಟೆಯದೇ ಬೇಕೆಂದು ಹಟ ಹಿಡಿಯುವ ನನ್ನದಕ್ಕೆ ಗುಂಡಿಯ ಕಾಜದಂಥ ಸೀಳು. ಎಲ್ಲಕ್ಕಿಂತ ಮೊದಲು ತಯಾರಾಗಿ ತಟ್ಟೆಯ ನಟ್ಟನಡುವೆ ಕೂರುತ್ತಿದ್ದ ಒಂದು ಪಫ್ ಮಾತ್ರ ಬೇರೆಯೇ ಆಗಿರುತ್ತಿತ್ತು. ಅದರ ಎರಡು ಮೂಲೆಗಳನ್ನು ಕೋಟಿನ ಕಾಲರಿನಂತೆ ಹೊರಕ್ಕೆ ಮಡಚಿ, ಕೆಳಗೆ ಗುಂಡಿಗಳಂತೆ ಎರಡು ಚುಕ್ಕಿ ಚುಚ್ಚಿರುತ್ತಿದ್ದರು. ಒಳಗೆ ಕಣ್ಣಲ್ಲಿ ನೀರು ಬರುವಷ್ಟು ಕಾಳುಮೆಣಸು.

ನನಗಾಗ ಹತ್ತು ವರ್ಷ. ಅಂದವಾದದ್ದೇ ಬೇಕೆಂದು ಅದಕ್ಕೆ ಕೈಹಾಕಿದೆ. ಮಾವ ನನ್ನ ಮಣಿಕಟ್ಟು ಹಿಡಿದು, ನಾನು ಕೇಳಿದ ಅವರ ಅತ್ಯಂತ ದೀರ್ಘ ವಾಕ್ಯವನ್ನು ಹೇಳಿದರು: “ಅದು ಬೇಡ ಮಗೂ, ಅದರೊಳಗೆ ಒಂದು ಗುಂಡುಸೂಜಿ ಬಿದ್ದುಹೋಗಿದೆಯೇನೋ ಅಂತ ನನಗೆ ಅನುಮಾನ.” ಮರುದಿನ ಬೆಳಿಗ್ಗೆ ಅದೇ ಪಫ್ಫನ್ನು ಅವರು ಕಿಟಕಿಯ ಬಳಿ ನಿಂತು ಟೀಯೊಂದಿಗೆ ತಿನ್ನುವುದನ್ನು ಕಂಡು, ಅಯ್ಯೋ, ಮಾವ ಸೂಜಿ ನುಂಗಿ ಸತ್ತೇಹೋಗುತ್ತಾರೆ ಎಂದು ನಾನು ಹೋ ಎಂದು ಅತ್ತದ್ದು ಮನೆಯಲ್ಲಿ ಬಹಳ ದಿನ ನಗೆಯ ವಸ್ತುವಾಗಿತ್ತು. ಅತ್ತೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕಣ್ಣೊರೆಸಿ ಹೇಳಿದರು: “ಸೂಜಿಯೂ ಇಲ್ಲ ಗೀಜಿಯೂ ಇಲ್ಲ ಕಣೇ. ಅದು ನಿನ್ನ ಚಿಕ್ಕ ಮಾವನ ಪಾಲು. ಬರ್ತಾನೇನೋ ಅಂತ ಮಾಡಿಡ್ತಾರೆ.”

ಚಿಕ್ಕ ಮಾವ ಬರುತ್ತಿರಲಿಲ್ಲ. ಕಡ್ಡಿ ಗುಡ್ಡವಾದ ಕಥೆ ಅದು. ದೂರದ ಊರಿನಲ್ಲಿ ಕೆಲಸದಲ್ಲಿದ್ದ ಅವರ ಮದುವೆಗೆ ಮಾವನೇ ಕೋಟು ಹೊಲಿದಿದ್ದರು. ಅಳತೆಗೆಂದು ಅವರು ಕಳಿಸಿದ್ದು ಒಗೆದು ಒಗೆದು ಕುಗ್ಗಿದ ಹಳೆಯ ಕೋಟು. ಹಾಗಾಗಿ ಹೊಸದರ ತೋಳು ಒಂದಿಂಚು ಗಿಡ್ಡವಾಯಿತು. ಹಾಸ್ಯಪ್ರವೃತ್ತಿಯ ಮನುಷ್ಯ ಚಿಕ್ಕ ಮಾವ, ಮದುವೆಯ ದಿನ ನೂರಾರು ಜನರ ಮುಂದೆ ಕೈ ಎತ್ತಿ ಹಿಡಿದು, “ಗಡಿಯಾರ ನೋಡೋಕೆ ತೋಳು ಸರಿಸೋ ಕಷ್ಟ ಬೇಡ ಅಂತ ನಮ್ಮಣ್ಣ ಹೀಗೆ ಹೊಲಿದಿದಾನೆ!” ಎಂದುಬಿಟ್ಟರು. ಫೋಟೋ ತೆಗೆಯುವವನೂ ಕ್ಯಾಮೆರಾ ಇಳಿಸಿ ನಕ್ಕನಂತೆ. ಮಾವನೂ ತುಟಿ ಮುಚ್ಚಿಕೊಂಡೇ ನಕ್ಕರಂತೆ. ಆಮೇಲೆ ಊಟ ಮಾಡದೆ ಹೊರಟರು. ಬಾಗಿಲಲ್ಲಿ ತಮ್ಮ ಅಡ್ಡ ನಿಂತು, “ಅಣ್ಣಾ, ತಮಾಷೆಗಂದೆ ಕಣೋ, ಬಾ ಒಳಗೆ,” ಎಂದಾಗ ಸಿಕ್ಕ ಉತ್ತರ, “ನಾಳೆ ನೋಡೋಣ.” ಒಂದು ತಮಾಷೆ ಸಹಿಸಲಾರದವನ ಮನೆಗೆ ನಾನೇಕೆ ಹೋಗಲಿ ಎಂದು ತಮ್ಮ, ತಪ್ಪು ಆಡಿದವನೇ ಬರಲಿ ಎಂದು ಅಣ್ಣ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡಿದ್ದಕ್ಕಿಂತ ಆಡದೆ ಉಳಿದದ್ದೇ ಹೆಚ್ಚು ಕೆಡಿಸಿತು. ಆ ನಾಳೆ ಹದಿಮೂರು ವರ್ಷ ನಡೆಯಿತು. ಹದಿಮೂರು ವರ್ಷವೂ ತಟ್ಟೆಯ ನಡುವೆ ಕಾಲರ್ ಮಡಚಿದ ಪಫ್ ಇತ್ತು.

ನನಗೆ ತಿಳಿಯದಿದ್ದ ಸಂಗತಿಯೊಂದಿತ್ತು. ಪ್ರತಿವರ್ಷ ಹಬ್ಬದ ಸಂಜೆ ನನ್ನಮ್ಮ ಮೆಲ್ಲನೆ ಎದ್ದು ಹೋಗಿ ಚಿಕ್ಕ ಮಾವನಿಗೆ ಫೋನು ಮಾಡಿ, “ಈ ಸಲವೂ ಮಾಡಿಟ್ಟಿದಾನೆ ಕಣೋ,” ಎಂದು ಹೇಳುತ್ತಿದ್ದಳು. ಹೇಳುತ್ತಾಳೆಂದು ದೊಡ್ಡ ಮಾವನಿಗೂ ಗೊತ್ತಿತ್ತು. ಅಣ್ಣ ಮಾಡುವುದು, ತಂಗಿ ಹೇಳುವುದು, ತಮ್ಮ ಕೇಳಿಸಿಕೊಳ್ಳುವುದು, ಇಷ್ಟರಲ್ಲೇ ಆ ಮೂವರ ಒಡಹುಟ್ಟು ಜೀವ ಹಿಡಿದುಕೊಂಡಿತ್ತು.

ಹದಿನಾಲ್ಕನೆಯ ವರ್ಷ ಅಮ್ಮ ನನ್ನ ಅಕ್ಕನ ಹೆರಿಗೆಗೆಂದು ಪರವೂರಿಗೆ ಹೋಗಿದ್ದಳು. ಮಾವನ ಬೆರಳುಗಳು ಆ ವೇಳೆಗೆ ನಡುಗುತ್ತಿದ್ದವು. ಸೂಜಿಗೆ ದಾರ ಪೋಣಿಸಲೂ ಅತ್ತೆ ಬೇಕು. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಈ ಸಲದ ಪಫ್ಫೆಲ್ಲ ನನ್ನದು ಎಂದು ನಾನು ಸೆರಗು ಸಿಕ್ಕಿಸಿ ನಿಂತೆ. ಆಗಷ್ಟೇ ಕೆಲಸಕ್ಕೆ ಸೇರಿ, ಎಲ್ಲವೂ ಬೇಗ ಆಗಬೇಕು, ಒಂದೇ ಸಮ ಆಗಬೇಕು ಎಂಬ ಗರ್ವ ತಲೆಗೇರಿದ್ದ ಕಾಲ. ಅಂಗಡಿಯಿಂದ ಒಂದು ಅಚ್ಚು ತಂದಿದ್ದೆ: ಹಿಟ್ಟಿನ ಹಾಳೆ ಇಟ್ಟು, ಹೂರಣ ಹಾಕಿ, ಒಮ್ಮೆ ಒತ್ತಿದರೆ ಸಾಕು, ಸುತ್ತಲೂ ಹಲ್ಲು ಹಲ್ಲಾಗಿ ಅಂಚು ಮುಚ್ಚಿಬಿಡುತ್ತದೆ. ಅರ್ಧ ಗಂಟೆಯಲ್ಲಿ ನಲವತ್ತು ಪಫ್. ಅಬ್ಬಾ, ಎಂಥ ಹೆಮ್ಮೆ ನನಗೆ!

ಮಾವ ತಟ್ಟೆಯನ್ನು ನೋಡಿದರು. “ಗುರುತು?” ಎಂದರು.

“ಹೊಟ್ಟೆಗೆ ಹೋದ ಮೇಲೆ ಯಾವ ಗುರುತು ಮಾವ? ಎಲ್ಲಕ್ಕೂ ಆಲೂಗಡ್ಡೆ ಬಟಾಣಿ ಹಾಕಿದೀನಿ, ಖಾರ ಕಮ್ಮಿ. ಯಾರು ಯಾವುದು ತಿಂದರೂ ಆಯ್ತು.”

ಅವರು ಉಳಿದಿದ್ದ ಒಂದು ಚೌಕವನ್ನು ಎತ್ತಿಕೊಂಡು ಮೂಲೆ ಮಡಚಲು ನೋಡಿದರು. ಬೆರಳು ನಡುಗಿ ಹಿಟ್ಟು ಹರಿಯಿತು. ಇನ್ನೊಮ್ಮೆ ಅಂಟಿಸಿ ಮಡಚಿದರು, ಇನ್ನೊಮ್ಮೆ ಹರಿಯಿತು. ನಾನು “ಕೊಡಿ ಇಲ್ಲಿ, ದಣೀಬೇಡಿ,” ಎಂದು ಅದನ್ನು ಅವರ ಕೈಯಿಂದ ತೆಗೆದುಕೊಂಡು, ಉಂಡೆ ಮಾಡಿ, ಲಟ್ಟಿಸಿ, ಅಚ್ಚಿಗೆ ಹಾಕಿದೆ. ಕಣ್ಣಾರೆ ಕಂಡೂ ಕುರುಡಿಯಾಗಿದ್ದೆ. ಕಾಲರಿನ ಪಫ್ ನೆನಪಾಗಲಿಲ್ಲವೇ ಎಂದು ಕೇಳಿದರೆ, ಆಗಿತ್ತು. ಹದಿಮೂರು ವರ್ಷ ಬಾರದವರು ಇನ್ನೇನು ಬಂದಾರು ಎಂದುಕೊಂಡಿದ್ದೆ, ಅಷ್ಟೆ.

ಸಂಜೆ ಮನೆ ತುಂಬ ಜನ, ಓವನ್ನಿನಲ್ಲಿ ಎರಡನೆಯ ತಟ್ಟೆ, ಆಗ ಫೋನು ಬಂತು.

“ಯಾರು, ನೀನಾ? ನಾನು ಕಣೇ, ಚಿಕ್ಕ ಮಾವ,” ಎಂದಿತು ಆ ಕಡೆಯ ಧ್ವನಿ. ಹಿಂದೆ ಗಿಜಿಗಿಜಿ ಸದ್ದು. “ನಿಮ್ಮಮ್ಮ ಈ ಸಲ ಫೋನೇ ಮಾಡಲಿಲ್ಲ. ಒಂದು ಮಾತು ಕೇಳ್ತೀನಿ, ನಿಜ ಹೇಳು. ಕಾಲರಿಂದು ಮಾಡಿದಾನಾ ಅಣ್ಣ?”

“ಇಲ್ಲ ಮಾವ, ಈ ಸಲ ಎಲ್ಲ ಒಂದೇ ಥರ...” ಎಂದೆ. ಅಚ್ಚಿನ ವಿಷಯ ಹೇಳುವವಳಿದ್ದೆ, ಮಾವನ ಬೆರಳಿನ ವಿಷಯ ಹೇಳುವವಳಿದ್ದೆ. ಅಷ್ಟರಲ್ಲಿ ಒಳಗಿನಿಂದ ಸೀದ ವಾಸನೆ ಬಂತು. “ಅಯ್ಯೋ, ಒಂದು ನಿಮಿಷ ಇರಿ ಮಾವ!” ಎಂದು ಓಡಿದೆ. ಮರಳಿ ಬಂದಾಗ ಫೋನು ಕಡಿದುಹೋಗಿತ್ತು.

ತಟ್ಟೆ ಹಂಚುವಾಗ, ಚಿಕ್ಕ ಮಾವನ ಫೋನು ಬಂದಿತ್ತೆಂದು ದೊಡ್ಡ ಮಾವನಿಗೆ ಹೇಳಿದೆ. ಮೇಜಿನ ಕೆಳಗೆ ಅವರ ಪಾದ ಎಂದಿನಂತೆ ತುಳಿಯುತ್ತಿತ್ತು.

“ಏನು ಕೇಳಿದ?”

“ಕಾಲರಿಂದು ಮಾಡಿದಾರಾ ಅಂತ.”

“ನೀನು?”

“ಇಲ್ಲ ಅಂದೆ.”

ಪಾದ ನಿಂತುಹೋಯಿತು. ನಾಲ್ಕು ಅರ್ಥಗಳಲ್ಲಿ ಯಾವುದಕ್ಕೂ ಸೇರದ ಒಂದು “ಹ್ಞೂಂ” ಬಂತು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು, “ಈಗಲೇ ಫೋನ್ ಮಾಡಿ ಅಂದ್ರೆ,” ಎಂದು ಗೋಗರೆದರು. ಮಾವ ಎದ್ದರು, ಫೋನಿನ ತನಕ ಹೋದರು, ನಿಂತರು, ಹಿಂದಿರುಗಿ ಬಂದು ಕುಳಿತರು. “ನಾಳೆ ನೋಡೋಣ,” ಎಂದರು. ಆಮೇಲೆ ಎಷ್ಟೋ ದಿನ ತಮ್ಮನ ನಂಬರಿನ ಚೀಟಿ ಅವರ ಕೋಟಿನ ಜೇಬಿನಲ್ಲಿ ಇದ್ದೇ ಇತ್ತಂತೆ.

ಎರಡು ತಿಂಗಳು ತುಂಬುವುದರೊಳಗೆ ಚಿಕ್ಕ ಮಾವ ಆಫೀಸಿನ ಮೆಟ್ಟಿಲ ಮೇಲೆ ಕುಸಿದು ತೀರಿಕೊಂಡರು. ಮಾವನ ತೋಳು ಹಿಡಿದು ಆ ಮನೆಗೆ ಹೋದವಳು ನಾನೇ. ಎಲ್ಲ ಮುಗಿದು ಹೊರಡುವಾಗ ಚಿಕ್ಕತ್ತೆ ಒಂದು ಕೋಟು ತಂದು ಮಾವನ ಮಡಿಲಲ್ಲಿಟ್ಟರು. ಅದೇ ಮದುವೆಯ ಕೋಟು. “ಹಬ್ಬದ ದಿನ ಇದನ್ನೇ ಹಾಕ್ಕೊಂಡು ಹೊರಟಿದ್ರು, ಭಾವ,” ಎಂದರು. “ಅಣ್ಣನ ಮುಂದೆ ಕೈ ಚಾಚಿ ನಿಲ್ತೀನಿ, ಬೈದ್ರೆ ಬೈಯಲಿ ಅಂತ. ನಿಮ್ಮೂರಿನ ಸ್ಟೇಷನ್‌ನಿಂದ ಫೋನ್ ಮಾಡಿದ್ರಂತೆ. ಆಮೇಲೆ ಏನಾಯ್ತೋ, ಮುಂದಿನ ರೈಲಿಗೇ ವಾಪಸ್ ಬಂದ್ಬಿಟ್ರು.” ಸ್ಟೇಷನ್ನಿನಿಂದ ಮಾವನ ಮನೆಗೆ ನಡೆದರೆ ಹತ್ತು ನಿಮಿಷ. ನನಗೆ ನಿಂತ ನೆಲವೇ ಬಾಯಿ ಬಿಡಬಾರದೇ ಎನ್ನಿಸಿತು.

ಮನೆಗೆ ಬಂದ ಮರುದಿನ ಮಾವ ಅಂಗಡಿ ತೆರೆದು, ಕೋಟಿನ ತೋಳನ್ನು ಒಳಮೈ ಹೊರಗಾಗಿ ತಿರುಗಿಸಿದರು. ಅಂಚಿನೊಳಗೆ ಒಂದೂವರೆ ಇಂಚು ಬಟ್ಟೆ ಮಡಚಿಕೊಂಡು ಕುಳಿತಿತ್ತು, ಹದಿನಾಲ್ಕು ವರ್ಷದ ಬಿಸಿಲು ಕಾಣದೆ ಹೊಸದರಂತೆ ಕಪ್ಪಗೆ. ಒಳ್ಳೆಯ ದರ್ಜಿಗಳು ಹೀಗೆ ಒಳಗೆ ಬಟ್ಟೆ ಬಿಟ್ಟೇ ಹೊಲಿಯುತ್ತಾರೆ, ಮುಂದೆ ಬೇಕಾದರೆ ಬಿಚ್ಚಿ ಉದ್ದ ಮಾಡಲೆಂದು.

“ಅರ್ಧ ಗಂಟೆ ಕೆಲಸ,” ಎಂದರು ಮಾವ. “ಅವತ್ತೇ ಬಿಚ್ಚಿಕೊಡ್ತಿದ್ದೆ. ಅವನು ಕೇಳಬೇಕಿತ್ತು.” ಆ ಮಡಿಕೆಯನ್ನು ಬೆರಳಿನಿಂದ ನೀವಿ, “ನಾನೂ ಹೇಳಬೇಕಿತ್ತು,” ಎಂದರು. ಆ ಮಾತಿಗೆ ಅವರ ಬಾಯಿ ತೆರೆದಿತ್ತು. ನೂಲು ಕಡಿದು ಕಡಿದು ಮುಂದಿನ ಹಲ್ಲಿನಲ್ಲಿ ಬಿದ್ದಿದ್ದ ಸಣ್ಣ ಕಚ್ಚನ್ನು ನಾನು ಅಂದೇ ಮೊದಲು ಕಂಡದ್ದು.

“ನನ್ನಿಂದ ಹೀಗಾಯ್ತು ಮಾವ,” ಎಂದು ನಾನು ಅತ್ತುಬಿಟ್ಟೆ.

“ನೀನೇನು ಸುಳ್ಳು ಹೇಳಿದ್ಯಾ? ಇರಲಿಲ್ಲ, ಇಲ್ಲ ಅಂದೆ.” ಸಮಾಧಾನಕ್ಕೆಂದೇ ಹೇಳಿದರು. ಅವರು ಬೈದಿದ್ದರೆ ಇಷ್ಟು ವರ್ಷ ನೋಯುತ್ತಿರಲಿಲ್ಲ.

ಅರ್ಧ ಗಂಟೆಯ ಆ ಕೆಲಸಕ್ಕೆ ನಡುಗುವ ಬೆರಳಿನಲ್ಲಿ ನಾಲ್ಕು ದಿನ ಹಿಡಿಯಿತು. ತೋಳು ಉದ್ದ ಮಾಡಿ, ಇಸ್ತ್ರಿ ಹಾಕಿ, ದಾರದ ಗುರುತು ಕಟ್ಟಿ, ಹೊಲಿದು ಮುಗಿದು ಗಿರಾಕಿಗಾಗಿ ಕಾಯುವ ಬಟ್ಟೆಗಳ ಸಾಲಿನಲ್ಲಿ ಅದನ್ನು ತೂಗುಹಾಕಿದರು. ಅವರಿರುವಷ್ಟು ಕಾಲವೂ ಅದು ಅಲ್ಲೇ ತೂಗುತ್ತಿತ್ತು. ಕ್ರಿಸ್‌ಮಸ್ಸಿಗೆ ಪಫ್ ಮಾಡುವ ಮಾತನ್ನು ಅವರಾಗಲಿ ಅತ್ತೆಯಾಗಲಿ ಮತ್ತೆ ಎತ್ತಲಿಲ್ಲ. ಈಗ ನಾನು ನನ್ನ ಮನೆಯಲ್ಲಿ ಮಾಡುತ್ತೇನೆ, ಅಚ್ಚಿಲ್ಲದೆ, ಗುರುತು ಹಾಕಿ, ಒಂದಕ್ಕೆ ಕಾಲರ್ ಮಡಚಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾವನಂಥವರು ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಪ್ರೀತಿಯನ್ನು ಬಾಯಿಂದ ಆಡಲು ಬಾರದೆ, ಕೈಗೆ ಬಂದ ಕಸುಬಿನಲ್ಲೇ ಅದಕ್ಕೊಂದು ಸಣ್ಣ ಗುರುತು ಹಾಕಿ, ಯಾರಾದರೂ ಓದಿಯಾರೆಂದು ತಟ್ಟೆಯಲ್ಲಿಟ್ಟು ಕಾಯುತ್ತಾರೆ. ನೋಡುವವರ ಕಣ್ಣಿಗೆ ಅವರ ಅಕ್ಕರೆ ಯಾವಾಗಲೂ ಒಂದಿಂಚು ಗಿಡ್ಡ. ಬಿಚ್ಚಿ ನೋಡಿದರೆ ತಾನೇ ಒಳಗೆ ಎಷ್ಟು ಬಿಟ್ಟಿದ್ದರೆಂದು ತಿಳಿಯುವುದು? ನಾವೋ, ಬಾಯಿ ಚೆನ್ನಾಗಿರುವವರು. ಅವರ ಪರವಾಗಿ ಒಂದೇ ಒಂದು ಮಾತು ಹೇಳುವ ಸರದಿ ಬಂದಾಗ, ಒಲೆಯ ಮೇಲೆ ಕಣ್ಣಿಟ್ಟುಕೊಂಡು, ಇಲ್ಲ ಎಂದುಬಿಡುತ್ತೇವೆ.