ಬಿಟ್ಟುಕೊಟ್ಟ ಆಟ

ಮೋಟಾರು ಮಾಮನ ಕತ್ತಿನಲ್ಲಿ ಒಂದು ಗಂಟು ಎದ್ದಿತ್ತು. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕಸುಬಿನವನಾದ್ದರಿಂದ ಬೀದಿಯವರಿಗೆಲ್ಲ ಅವನು ಮೋಟಾರು ಮಾಮ. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದವನು ಅದೇ ಬೀದಿಯ ಡಾಕ್ಟರ್, ಮಾಮನ ಬಾಲ್ಯದ ಗೆಳೆಯ. ಅಂದಿನಿಂದ ಕೇಳಿದಾಗೆಲ್ಲ ಒಂದೇ ಉತ್ತರ: "ರಿಪೋರ್ಟು ಇನ್ನೂ ಬಂದಿಲ್ಲ ಕಣೋ. ಸುಮ್ನೆ ತಲೆ ಕೆಡಿಸ್ಕೋಬೇಡ."

ಕೆಡಿಸಿಕೊಳ್ಳದೆ ಇರಲು ತಲೆಯೇನು ಬಾಡಿಗೆಗೆ ತಂದದ್ದೇ? ಗಂಟು ಇರುವುದು ಅದರ ಕೆಳಗೇ. ಅಂಗಡಿಯಲ್ಲಿ ತಂತಿಯ ಸುತ್ತು ಎಣಿಸುತ್ತ ಲೆಕ್ಕ ತಪ್ಪಿ, ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿಂದ ಸುತ್ತುತ್ತಿದ್ದ. ಕನ್ನಡಿ ಕಂಡಲ್ಲೆಲ್ಲ ಕಾಲರು ಸರಿಸಿ ಮುಟ್ಟಿ ನೋಡುತ್ತಿದ್ದ. ಒಂದು ದಿನ ಅದು ಇಳಿದಂತೆ ಕಂಡು ಶಿಳ್ಳೆ ಹಾಕುತ್ತ ಮನೆಗೆ ಬಂದ. ಮರುದಿನ ಊದಿದಂತೆ ಕಂಡು ಊಟ ಬಿಟ್ಟ. ಹೌದು ಅಂತಲೋ ಇಲ್ಲ ಅಂತಲೋ ಒಂದು ಮಾತು ಬಂದಿದ್ದರೆ ಸಾಕಿತ್ತು ಅವನಿಗೆ.

ಭಾನುವಾರ ಮಧ್ಯಾಹ್ನ ಡಾಕ್ಟರ್ ಎಂದಿನಂತೆ ಕೇರಂ ಆಡಲು ಬಂದ. ಈ ಮನುಷ್ಯ ಆಟದಲ್ಲಿ ಮಹಾ ಕಟುಕ. ಜ್ವರದಲ್ಲಿ ಮಲಗಿದ್ದ ಮಾಮನನ್ನು ಎಬ್ಬಿಸಿ ಕೂರಿಸಿ ಸೋಲಿಸಿದ್ದವನು. ಸೋಲಿಸಿ ಸುಮ್ಮನಿದ್ದರೂ ಆಗುತ್ತಿತ್ತು, ವಾರವಿಡೀ ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗಬೇಕು. ಅಂಥವನೆದುರು ಅವತ್ತು ಮಾಮ ಮೊದಲ ಆಟ ಗೆದ್ದು ಮೀಸೆ ತಿರುವಿದ.

"ಏನ್ ಡಾಕ್ಟ್ರೇ, ಕೈಗೆ ವಯಸ್ಸಾಯ್ತೇನೋ?" ಎಂದು ಕಿಚಾಯಿಸಿದ. ಡಾಕ್ಟರ್ ಕಾಯಿಗಳನ್ನು ಮತ್ತೆ ನಡುವೆ ಜೋಡಿಸತೊಡಗಿದ.

ಎರಡನೆಯ ಆಟದಲ್ಲಿ ರಾಣಿ ಪಾಕೆಟ್ಟಿನ ಬಾಯಲ್ಲೇ ಕೂತಿತ್ತು. ಎಳೆ ಮಗು ಊದಿದರೂ ಬೀಳಬೇಕು. ಡಾಕ್ಟರ್ ಸ್ಟ್ರೈಕರ್ ಇಟ್ಟ, ಗುರಿ ಹಿಡಿದ, ಆಮೇಲೆ ಬೆರಳನ್ನು ಚೂರು ಪಕ್ಕಕ್ಕೆ ಸರಿಸಿ ಹೊಡೆದ. ಸ್ಟ್ರೈಕರ್ ಖಾಲಿ ಮೂಲೆಗೆ ಹೋಗಿ ಬಡಿಯಿತು.

"ಛೆ, ತಪ್ಪಿಹೋಯ್ತು," ಅಂದ. "ನೀನೇ ಹಾಕ್ಕೋ."

ಮಾಮ ಸ್ಟ್ರೈಕರಿಗೆ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. ಈ ಜನ್ಮದಲ್ಲಿ ಡಾಕ್ಟರ್ ಅವನಿಗೆ 'ನೀನೇ ಹಾಕ್ಕೋ' ಅಂದವನಲ್ಲ.

"ರಿಪೋರ್ಟು ಬಂದಿದೆ, ಅಲ್ವಾ?"

"ಆಟ ಆಡೋ."

"ಬಂದಿದೆಯಾ, ಇಲ್ವಾ?"

ಡಾಕ್ಟರ್ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಮಾಮನ ಹೆಂಡತಿ ತಲೆ ತಗ್ಗಿಸಿದಳು.

"ಹೋದ ತಿಂಗಳೇ ಬಂತು. ಕ್ಯಾನ್ಸರು," ಎಂದ ಡಾಕ್ಟರ್. "ನಿನಗೆ ಹೇಗೆ ಹೇಳ್ಬೇಕೋ ತಿಳೀಲಿಲ್ಲ. ಅತ್ತಿಗೆಗೆ ಹೇಳಿದೆ."

"ಸದ್ಯಕ್ಕೆ ಹೇಳೋದು ಬೇಡ ಅಂತ ನಾನೇ ಅಂದೆ ರೀ," ಎಂದಳು ಹೆಂಡತಿ. "ನೀವು ಕುಗ್ಗಿಹೋಗ್ತೀರಿ ಅಂತ."

"ಮಗಳಿಗೆ?"

ಹೆಂಡತಿ ಲೋಟ ಕೆಳಗಿಟ್ಟು ಮುಖ ಆಚೆ ತಿರುಗಿಸಿದಳು. ಅಂದರೆ ಮಗಳಿಗೂ ಗೊತ್ತು.

ಮಾಮನಿಗೆ ಕೋಪ ಉಕ್ಕಿತು, ಅದಕ್ಕಿಂತ ಹೆಚ್ಚು ಅವಮಾನವಾಯಿತು. ಅವನು ಗಂಟು ಮುಟ್ಟಿ ಮುಟ್ಟಿ ನೋಡಿಕೊಳ್ಳುವುದನ್ನು ತಿಂಗಳಿಡೀ ಕಣ್ಣಾರೆ ಕಂಡೂ ಇವರೆಲ್ಲ 'ಏನೂ ಇರಲ್ಲ ಬಿಡಿ' ಅಂದಿದ್ದರು. ಅವನ ಕತ್ತಿನ ಸುದ್ದಿ ಅವನೊಬ್ಬನನ್ನು ಬಿಟ್ಟು ಮನೆಗೆಲ್ಲ ಹಂಚಿಕೆಯಾಗಿತ್ತು. ಶಿಳ್ಳೆ ಹಾಕುತ್ತ ಬಂದ ದಿನ ಹೆಂಡತಿ ಜೊತೆಗೂಡಿ ನಕ್ಕಿದ್ದು ನೆನಪಾಗಿ ಕಣ್ಣು ಉರಿಯಿತು.

"ಒಂದು ತಿಂಗಳು ಕಣೋ," ಎಂದ ಡಾಕ್ಟರಿಗೆ. "ಇಷ್ಟು ಹೊತ್ತಿಗೆ ಔಷಧಿ ಶುರು ಮಾಡ್ಬಹುದಿತ್ತಲ್ವಾ?"

ಡಾಕ್ಟರ್ ಸ್ಟ್ರೈಕರನ್ನು ಪಕ್ಕಕ್ಕೆ ಸರಿಸಿದ. "ದೊಡ್ಡಾಸ್ಪತ್ರೇಲಿ ನನಗೆ ಬೇಕಾದೋರು ಇದ್ದಾರೆ," ಎಂದ. "ನಾಳೆ ನಾನೇ ಕರ್ಕೊಂಡು ಹೋಗ್ತೀನಿ."

"ಬೇಡ." ಮಾಮ ಎದ್ದು ಚಪ್ಪಲಿ ಮೆಟ್ಟಿಕೊಂಡ. "ಗುರುತು ಪರಿಚಯ ಇಲ್ಲದೋರ ಹತ್ರ ಹೋಗ್ತೀನಿ. ನನ್ನ ಮೇಲೆ ಪ್ರೀತಿ ಇಲ್ಲದ ಡಾಕ್ಟ್ರು ಬೇಕು ನನಗೆ."